ಲೆಕ್ಕ ಕೇಳೋದು ಯಾರು? ಚಾರ್ಟರ್ ಶಾಲೆ ಲೇಖನಕ್ಕೆ ಸಂಪಾದಕರ ಉತ್ತರ

ನಮಸ್ಕಾರ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂನಿಂದ, ಅಲ್ಲಿನ ಚಾರ್ಟರ್ ಶಾಲೆಗಳ ಪರವಾಗಿ ನೀವು ಬರೆದು ಕಳಿಸಿದ 'ಸನ್ನದು ಶಾಲೆಗಳಿಗೆ ಯಾಕೀ ವಿರೋಧ?' ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಪತ್ರದ ಕೊನೆಯವರೆಗೆ ಕಾಯಿಸುವುದು ಬೇಡ ಅಂತ ಮೊದಲೇ ಹೇಳಿಬಿಟ್ಟೆ. ಆದರೆ ಪಕ್ಕಕ್ಕಿಡುವ ಬರಹವೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಹೆಸರು. 'ಸನ್ನದು ಶಾಲೆ' ಅಂದರೆ ನಮ್ಮ ಓದುಗರಿಗೆ ಅರಮನೆಯ ಹಳೇ ಕಾಗದಪತ್ರ ನೆನಪಾಗುತ್ತದೆ. ಚಾರ್ಟರ್ ಶಾಲೆ ಅಂತಲೇ ಬರೆಯಿರಿ. ಅದೇನು ಅನ್ನೋದನ್ನೂ ಶುರುವಿನಲ್ಲೇ ಹೇಳಿ. ಹಣ ಸರ್ಕಾರದ್ದು, ನಡೆಸುವುದು ಬೇರೆಯದೇ ಒಂದು ಮಂಡಳಿ. ಫೀಸು ಇಲ್ಲ. ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಲಾಟರಿ ಎತ್ತುತ್ತಾರೆ. ಶುರುವಿನಲ್ಲಿ ಮಾಡಿಕೊಂಡ ಒಪ್ಪಂದದಂತೆ (ಅದೇ 'ಚಾರ್ಟರ್') ನಡೆಯದಿದ್ದರೆ ಶಾಲೆ ಮುಚ್ಚಿಸಬಹುದು. ನೀವು 'ನಮ್ಮ ಆರ್‌ಟಿಇ ಸೀಟಿನ ಹಾಗೆ' ಅಂದಿದ್ದೀರಿ. ಅಲ್ಲ. ಆರ್‌ಟಿಇಯಲ್ಲಿ ಸರ್ಕಾರ ಖಾಸಗಿ ಶಾಲೆಗೆ ಕೆಲವು ಮಕ್ಕಳ ಶುಲ್ಕ ತುಂಬುತ್ತದೆ, ಪಕ್ಕದ ಬೆಂಚಿನ ಮಗು ಫೀಸು ಕಟ್ಟಿಯೇ ಕೂತಿರುತ್ತದೆ. ಚಾರ್ಟರ್ ಶಾಲೆಯಲ್ಲಿ ಯಾರೂ ಕಟ್ಟುವ ಹಾಗಿಲ್ಲ. ನಮ್ಮ ಅನುದಾನಿತ ಶಾಲೆ ಸ್ವಲ್ಪ ಹತ್ತಿರ ಬರುತ್ತದೆ, ಅದೂ ದೂರದ ದಾಯಾದಿಯಷ್ಟೇ.

ಈಗ ಮುಖ್ಯ ದೂರು. ಮೂರನೇ ಪುಟದಲ್ಲಿ ನೀವು ಹೀಗೆ ಬರೆದಿದ್ದೀರಿ: 'ಶಿಕ್ಷಕರ ಯೂನಿಯನ್‌ನ ರಾಜಕಾರಣದಿಂದ ವಾಷಿಂಗ್ಟನ್ ರಾಜ್ಯದಲ್ಲಿ ಇದು ತಡವಾಯಿತು.' ಇಷ್ಟೇನಾ? 1996, 2000, 2004. ಮೂರು ಸಲ ಆ ರಾಜ್ಯದ ಜನ ಮತ ಹಾಕಿ ಬೇಡ ಅಂದರು. 2012ರಲ್ಲಿ, ಬಿಲ್ ಗೇಟ್ಸ್ ಮೊದಲಾದವರು ಪ್ರಚಾರಕ್ಕೆ ಕೋಟಿಗಟ್ಟಲೆ ಸುರಿದ ಮೇಲೆ, ಶೇಕಡಾ 50ರ ಗೆರೆ ಸ್ವಲ್ಪ ದಾಟಿ ಪಾಸಾಯಿತು. ಬೇಡ ಅಂತ ಮತ ಹಾಕಿದ ಲಕ್ಷಾಂತರ ಜನರೆಲ್ಲ ಯೂನಿಯನ್ ಮಾತು ಕೇಳಿದವರೇ? ನಾಲ್ಕು ಮತದಾನಗಳನ್ನು ನೀವು ಒಂದು ವಾಕ್ಯದಲ್ಲಿ ಮುಗಿಸಿದ್ದೀರಿ. ಮೈಕ್ರೋಸಾಫ್ಟಿನ ಕ್ಯಾಂಟೀನಿನಲ್ಲಿ ಕೂತು ಹರಟುವಾಗ ಅದು ನಡೆದೀತು, ಲೇಖನದಲ್ಲಿ ನಡೆಯುವುದಿಲ್ಲ.

ಯೂನಿಯನ್ ಕತೆಯೂ ನೀವು ಅಂದುಕೊಂಡಷ್ಟು ಸರಳವಲ್ಲ. ಈ ಯೋಚನೆಯನ್ನು 1988ರಲ್ಲಿ ದೇಶದ ಮುಂದೆ ಇಟ್ಟವರಲ್ಲಿ ದೊಡ್ಡ ಹೆಸರು ಆಲ್ಬರ್ಟ್ ಶ್ಯಾಂಕರ್. ಅವರು ಯಾರು ಗೊತ್ತಲ್ಲ? ಅಮೆರಿಕದ ಶಿಕ್ಷಕರ ದೊಡ್ಡ ಯೂನಿಯನ್ ಒಂದರ ಅಧ್ಯಕ್ಷರು! ಮೇಷ್ಟ್ರುಗಳಿಗೆ ಹೊಸದಾಗಿ ಕಲಿಸಿ ನೋಡುವ ಸ್ವಾತಂತ್ರ್ಯ ಸಿಗಲಿ ಅನ್ನೋದು ಅವರ ಆಸೆ. 1991ರಲ್ಲಿ ಮಿನೆಸೋಟಾ ಮೊದಲ ಕಾನೂನು ಮಾಡಿತು, ಮರುವರ್ಷ ಸೇಂಟ್ ಪಾಲ್‌ನಲ್ಲಿ ಮೊದಲ ಶಾಲೆ ಬಾಗಿಲು ತೆರೆಯಿತು. ಲಾಭದ ಕಂಪನಿಗಳು ಒಳಗೆ ಬರುವುದನ್ನು ಕಂಡು ಶ್ಯಾಂಕರ್ ತಾವೇ ಎದುರು ನಿಂತರು. ತೊಟ್ಟಿಲು ತೂಗಿದವರೇ ಯಾಕೆ ತಿರುಗಿ ಬಿದ್ದರು? ನಾನು ಬರೆದಿದ್ದರೆ ಅಲ್ಲಿಂದಲೇ ಶುರು ಮಾಡುತ್ತಿದ್ದೆ.

'ಉತ್ತರದಾಯಿತ್ವ' ಅನ್ನುವ ಪದ ಐದು ಸಲ ಬಂದಿದೆ. ಅದನ್ನು ತೆಗೆದು 'ಲೆಕ್ಕ ಕೇಳೋದು ಯಾರು?' ಅಂತ ಬರೆದು ನೋಡಿ. ಜಗಳ ಏನು ಅಂತ ತಟ್ಟನೆ ಕಾಣುತ್ತದೆ. ಕೆಲಸ ಕೆಟ್ಟರೆ ಒಪ್ಪಂದ ಹರಿದು ಶಾಲೆ ಮುಚ್ಚಿಸುತ್ತೇವಲ್ಲ, ಅದಕ್ಕಿಂತ ಬೇರೆ ಲೆಕ್ಕ ಬೇಕಾ ಅಂತ ಈ ಶಾಲೆ ಬೇಕು ಅನ್ನುವವರು ಕೇಳುತ್ತಾರೆ. ನಮ್ಮ ತೆರಿಗೆ ಹಣ ಖರ್ಚು ಮಾಡುವ ಮಂಡಳಿಯನ್ನು ನಾವು ಆರಿಸಿಲ್ಲ, ಇಳಿಸಲೂ ಆಗಲ್ಲ ಅಂತ ಬೇಡ ಅನ್ನುವವರು ಹೇಳುತ್ತಾರೆ. 2015ರ ಸೆಪ್ಟೆಂಬರಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಈ ಎರಡನೇ ಮಾತನ್ನೇ ಹಿಡಿಯಿತು. 1909ರ ಒಂದು ಹಳೇ ತೀರ್ಪು ತೆಗೆದು, 'ಕಾಮನ್ ಸ್ಕೂಲ್' ಅಂದರೆ ಊರ ಮತದಾರರ ಹಿಡಿತದಲ್ಲಿರುವ ಶಾಲೆ, ಅವಕ್ಕೆಂದು ಇಟ್ಟ ಹಣ ಚಾರ್ಟರ್ ಶಾಲೆಗಳಿಗೆ ಸಲ್ಲದು ಅಂದಿತು. ಆಗಲೇ ಮಕ್ಕಳು ಕ್ಲಾಸಿಗೆ ಹೋಗಲು ಶುರು ಮಾಡಿದ್ದರು. ಮರುವರ್ಷ ಶಾಸಕರು ಬೇರೆ ದಾರಿ ಹುಡುಕಿದರು: ರಾಜ್ಯದ ಲಾಟರಿಯಿಂದ ಬರುವ ಹಣ. 2018ರಲ್ಲಿ ಕೋರ್ಟು ಆ ಏರ್ಪಾಡನ್ನು ಒಪ್ಪಿತು. ಶಾಲೆ ನಡೆಯುವುದು ಲಾಟರಿ ದುಡ್ಡಿನಲ್ಲಿ, ಸೀಟು ಸಿಗುವುದೂ ಲಾಟರಿಯಲ್ಲಿ! 2007ರಲ್ಲಿ ಲಾಟರಿಯನ್ನೇ ನಿಷೇಧಿಸಿದ ಕರ್ನಾಟಕದ ಓದುಗರಿಗೆ ಬರೆಯುತ್ತಿದ್ದೀರಿ, ಇದನ್ನು ಹೇಗೆ ಬಿಟ್ಟಿರಿ?

'ಮಗುವಿನ ಜೊತೆ ಹಣವೂ ಹೋಗುತ್ತದೆ, ತಪ್ಪೇನು?' ಅಂದಿದ್ದೀರಿ. ಮೂವತ್ತು ಮಕ್ಕಳ ಕ್ಲಾಸಿನಿಂದ ಮೂರು ಮಕ್ಕಳು ಹೊರಟರು ಅಂದುಕೊಳ್ಳಿ. ಮೇಷ್ಟ್ರ ಸಂಬಳ ಅಷ್ಟೇ, ಬಸ್ಸಿನ ಡೀಸೆಲ್ ಅಷ್ಟೇ, ಚಳಿಗಾಲದ ಹೀಟರ್ ಬಿಲ್ಲೂ ಅಷ್ಟೇ; ಬರುವ ಹಣ ಮಾತ್ರ ಕಡಿಮೆ. ಉಳಿದ ಇಪ್ಪತ್ತೇಳು ಮಕ್ಕಳ ಅಪ್ಪ ಅಮ್ಮಂದಿರು ಕೂಗಾಡುವುದು ಇದಕ್ಕೇ. ಅವರ ಬಾಯಲ್ಲಿ ಒಂದು ಪ್ಯಾರಾ ಬರಲಿ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರದ ಅಧ್ಯಯನ ಹೇಳಿದ್ದೀರಿ, ಆದರೆ 2023ರದ್ದು ಮಾತ್ರ. ಅದರಲ್ಲಿ ಚಾರ್ಟರ್ ಮಕ್ಕಳು ಸಾಮಾನ್ಯ ಸರ್ಕಾರಿ ಶಾಲೆಯ ಮಕ್ಕಳಿಗಿಂತ ಸರಾಸರಿಯಲ್ಲಿ ಸ್ವಲ್ಪ ಮುಂದಿದ್ದಾರೆ, ನಿಜ. ಅದೇ ಕೇಂದ್ರ 2009ರಲ್ಲಿ ಗಣಿತ ನೋಡಿದಾಗ ಶೇಕಡಾ 17 ಶಾಲೆಗಳು ಮೇಲು, 37 ಕೀಳು, ಉಳಿದವು ಅಷ್ಟಕ್ಕಷ್ಟೇ ಅಂದಿತ್ತು. ಆನ್‌ಲೈನ್ ಚಾರ್ಟರ್‌ಗಳ ಫಲಿತಾಂಶವಂತೂ 2023ರಲ್ಲೂ ಕೆಟ್ಟದಾಗಿಯೇ ಇದೆ. ಬೇಕಾದ್ದನ್ನು ಮಾತ್ರ ಆರಿಸಿಕೊಂಡರೆ ಓದುಗರು ಹಿಡಿದುಬಿಡುತ್ತಾರೆ.

ಇನ್ನೊಂದು ಮಾತು. ನಿಮ್ಮ ಪಕ್ಷಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ವಾದ ನಿಮ್ಮ ಲೇಖನದಲ್ಲೇ ಇದೆ, ನಿಮಗೇ ಕಂಡಿಲ್ಲ. 'ನಾವು ಶಾಲೆ ನೋಡಿಯೇ ಮನೆ ಹುಡುಕಿದೆವು' ಅಂತ ಎಲ್ಲೋ ಅರ್ಧ ಸಾಲು ಬರೆದು ಮುಂದೆ ಹೋಗಿದ್ದೀರಿ. ಅಂದರೆ ದುಡ್ಡಿದ್ದವರು ಬಾಡಿಗೆ ಕೊಟ್ಟೇ ಶಾಲೆ ಆರಿಸಿಕೊಂಡಿದ್ದಾರೆ. ಅದರ ಬಗ್ಗೆ ಯಾರೂ ಮತದಾನ ಮಾಡಿಸಲಿಲ್ಲ. ದಕ್ಷಿಣ ಸಿಯಾಟಲ್‌ನಲ್ಲೋ ಟಕೋಮಾದಲ್ಲೋ ಬೆಲ್‌ವ್ಯೂ ಬಾಡಿಗೆ ಕಟ್ಟಲಾಗದ ತಾಯಿಗೆ ಮಾತ್ರ ಆಯ್ಕೆ ಬೇಕಾದರೆ ಕೋರ್ಟು, ಲಾಟರಿ, ನಾಲ್ಕು ಚುನಾವಣೆ. ಇದಕ್ಕೆ ಬೇಡ ಅನ್ನುವವರ ಹತ್ತಿರ ಸುಲಭದ ಉತ್ತರ ಇಲ್ಲ. ಬರೆಯಲು ನಿಮಗೆ ಮುಜುಗರ ಆಗಬಹುದು, ಯಾಕಂದರೆ ಇದರಲ್ಲಿ ನೀವೂ ಇದ್ದೀರಿ. ನನಗೂ ಆಗುತ್ತದೆ. ನಾವು ಬೆಂಗಳೂರಿನಲ್ಲಿ ಮಾಡಿದ್ದೂ ಅದೇ, ಮಗಳ ಶಾಲೆ ನೋಡಿ ಮನೆ ಬದಲಾಯಿಸಿದ್ದು.

ಕೊನೆಯ ಪುಟದ 'ಆದ್ದರಿಂದ ಶಿಕ್ಷಣ ಎಲ್ಲರ ಹಕ್ಕು' ಇತ್ಯಾದಿ ಸುಮ್ನೆ ಹೊಡೆದುಹಾಕಿ. 1,200 ಪದ ಸಾಕು, ತಿಂಗಳ ಕೊನೆಯೊಳಗೆ ಬಂದರೆ ಮುಂದಿನ ಸಂಚಿಕೆಗೆ ನೋಡುತ್ತೇನೆ. ಯೂನಿಕೋಡ್‌ನಲ್ಲಿ ಕಳಿಸಿ. ಈ ಸಲ ನಿಮ್ಮ ಒತ್ತಕ್ಷರಗಳೆಲ್ಲ ಒಡೆದು, 'ಶಿಕ್ಷಣ' ಬಂದಲ್ಲೆಲ್ಲ ನನಗೆ ಕಂಡಿದ್ದು ಬರೀ ಚೌಕದ ಡಬ್ಬಿಗಳು.