ಓದುವ ಊರು ಒಂದು, ವಿಳಾಸದ ಊರು ಇನ್ನೊಂದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಸ್ನಾತಕೋತ್ತರ ವಿದ್ಯಾರ್ಥಿಗಳು ಮತ್ತು ಸಂಶೋಧನಾರ್ಥಿಗಳಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಬಹುಪಾಲು ತೊಡಕಿಗೆ ಮೂಲ ಒಂದೇ. ಮತದಾರರ ಪಟ್ಟಿ, ಬ್ಯಾಂಕಿನ ಆಧಾರ್ ಜೋಡಣೆ, ಕರೆಂಟ್ ಮೀಟರು ಇವು ಒಂದಕ್ಕೊಂದು ಮಾತಾಡುವ ದಫ್ತರಗಳಲ್ಲ. ಒಂದರಲ್ಲಿ ತಿದ್ದಿಸಿದ್ದು ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ.

ನಮ್ಮದು ರೋಣ ತಾಲ್ಲೂಕಿನ ಹಳ್ಳಿ. ಧಾರವಾಡದಲ್ಲಿ ಎಂ.ಎ. ಓದುತ್ತಾ ಬಾಡಿಗೆ ರೂಮಿನಲ್ಲಿದ್ದೇನೆ. ಊರಿನ ವೋಟರ್ ಐಡಿ ಇದೆ. ಇಲ್ಲಿ ಹೆಸರು ಸೇರಿಸಲು ಫಾರ್ಮ್ 6 ತುಂಬು ಎನ್ನುತ್ತಾರೆ ಗೆಳೆಯರು. ಸರಿಯೇ?
ಎಂ.ಎ. ವಿದ್ಯಾರ್ಥಿ, ಧಾರವಾಡ

ತುಂಬಬೇಡಿ. ಫಾರ್ಮ್ 6 ಮೊದಲ ಸಲ ಹೆಸರು ಸೇರಿಸುವವರಿಗೆ ಮಾತ್ರ. ಈಗಾಗಲೇ ಪಟ್ಟಿಯಲ್ಲಿರುವ ನೀವು ಅದನ್ನು ತುಂಬಿದರೆ ಎರಡು ಕಡೆ ಹೆಸರಾಗುತ್ತದೆ. 1950ರ ಜನಪ್ರತಿನಿಧಿ ಕಾಯ್ದೆಯ ಪ್ರಕಾರ ಒಬ್ಬರ ಹೆಸರು ಒಂದೇ ಕಡೆ ಇರಬೇಕು. ಬೇರೆಲ್ಲೂ ಹೆಸರಿಲ್ಲ ಎಂಬ ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ವಿಳಾಸ ಬದಲಾವಣೆಗೆ ಇರುವುದು ಫಾರ್ಮ್ 8. 2022ಕ್ಕೆ ಮುಂಚೆ ಅದೇ ಕ್ಷೇತ್ರದೊಳಗಿನ ಬದಲಾವಣೆಗೆ 8ಎ, ಬೇರೆ ಕ್ಷೇತ್ರಕ್ಕೆ ಹೋದರೆ 6 ಎಂದಿತ್ತು. ನಿಮ್ಮ ಗೆಳೆಯರು ಹೇಳುತ್ತಿರುವುದು ಆ ಹಳೆಯ ನಿಯಮ. ಈಗ ಎರಡಕ್ಕೂ ಫಾರ್ಮ್ 8 ಒಂದೇ.

ಚುನಾವಣಾ ಆಯೋಗದ ಮತದಾರರ ಪೋರ್ಟಲ್‌ನಲ್ಲಿ ಎಪಿಕ್ ಸಂಖ್ಯೆ (ವೋಟರ್ ಐಡಿಯ ಮೇಲಿರುವುದು) ಹಾಕಿದರೆ ನಿಮ್ಮ ವಿವರ ತೆರೆದುಕೊಳ್ಳುತ್ತದೆ. ವಾಸಸ್ಥಳ ಬದಲಾವಣೆ ಎಂಬುದನ್ನು ಆರಿಸಿ, ಬೇರೆ ವಿಧಾನಸಭಾ ಕ್ಷೇತ್ರ ಎಂದು ಗುರುತಿಸಿ, ಹೊಸ ವಿಳಾಸದ ದಾಖಲೆ ಹಾಕಬೇಕು. ಹೆಚ್ಚಿನ ಅರ್ಜಿ ಮುಗ್ಗರಿಸುವುದು ಈ ದಾಖಲೆಯಲ್ಲೇ. ಒಪ್ಪುವ ದಾಖಲೆಗಳ ಪಟ್ಟಿಯಲ್ಲಿ ಬಾಡಿಗೆದಾರರಿಗೆ ಕೇಳಿರುವುದು ನೋಂದಾಯಿತ ಬಾಡಿಗೆ ಪತ್ರ. ನಮ್ಮಲ್ಲಿ ಎಲ್ಲರೂ ಮಾಡಿಕೊಳ್ಳುವ 11 ತಿಂಗಳ ನೋಟರಿ ಕರಾರು ನೋಂದಾಯಿತವಲ್ಲ. ಸುಲಭದ ದಾರಿ ಬ್ಯಾಂಕ್ ಪಾಸ್‌ಬುಕ್. ಖಾತೆಯ ವಿಳಾಸವನ್ನು ಧಾರವಾಡಕ್ಕೆ ಬದಲಿಸಿ, ಫೋಟೊ ಮತ್ತು ವಿಳಾಸವಿರುವ ಪುಟ ಮುದ್ರಿಸಿಕೊಂಡು ಅದನ್ನೇ ಹಾಕಿ. ಪಟ್ಟಿಯ ಯಾವ ದಾಖಲೆಯೂ ಇಲ್ಲದಿದ್ದರೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮನೆಗೇ ಬಂದು ನೋಡಿಕೊಳ್ಳಬೇಕು. ಅವರು ಬರುವ ಹೊತ್ತಿಗೆ ನೀವು ಲೈಬ್ರರಿಯಲ್ಲಿರುತ್ತೀರಿ, ಕೆಳಗಿನ ಮನೆಯವರು 'ಯಾರೋ ಗೊತ್ತಿಲ್ರಿ' ಅನ್ನುತ್ತಾರೆ, ಅರ್ಜಿ ಅಲ್ಲಿಗೇ ತಿರಸ್ಕೃತ. ಆದ್ದರಿಂದ ಅರ್ಜಿ ಹಾಕಿದ ದಿನವೇ ಮನೆ ಮಾಲೀಕರಿಗೆ ವಿಷಯ ತಿಳಿಸಿ. ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ ನಿಮ್ಮ ಭಾಗದ ಬಿಎಲ್‌ಒ ನಂಬರ್ ಪಡೆದು ನೀವೇ ಮಾತಾಡಿಬಿಡುವುದು ಇನ್ನೂ ಒಳ್ಳೆಯದು.

ಹಾಸ್ಟೆಲ್‌ನಲ್ಲಿದ್ದು ಮೊದಲ ಬಾರಿಗೆ ಹೆಸರು ಸೇರಿಸುವವರಿಗೆ ಬೇರೆಯೇ ಅನುಕೂಲವಿದೆ. ಕನಿಷ್ಠ ಒಂದು ವರ್ಷದ ಮಾನ್ಯ ಕೋರ್ಸ್‌ನಲ್ಲಿದ್ದರೆ ಪ್ರಾಂಶುಪಾಲರು ಅಥವಾ ಕುಲಸಚಿವರ ಬೋನಫೈಡ್ ಪತ್ರ ಲಗತ್ತಿಸಿ ಹಾಸ್ಟೆಲ್ ವಿಳಾಸದಲ್ಲೇ ನೋಂದಾಯಿಸಬಹುದು. ಬೇಡವೆಂದರೆ ತಂದೆ ತಾಯಿಯ ವಿಳಾಸದಲ್ಲೂ ಆಗುತ್ತದೆ.

ಇನ್ನು ಬದಲಿಸಲೇಬೇಕೇ ಎಂಬ ಮಾತು. ಬೇಕಿಲ್ಲ. ಒಂದನ್ನು ಮಾತ್ರ ಯೋಚಿಸಿ: ಗ್ರಾಮ ಪಂಚಾಯಿತಿಯ ಮತದಾರರ ಪಟ್ಟಿ ತಯಾರಾಗುವುದೂ ವಿಧಾನಸಭೆಯ ಪಟ್ಟಿಯಿಂದಲೇ. ಹೆಸರು ಧಾರವಾಡಕ್ಕೆ ಬಂದರೆ ಊರಿನ ಪಂಚಾಯಿತಿ ಮತವೂ ಹೋಗುತ್ತದೆ. ಎರಡೇ ವರ್ಷಕ್ಕೆ ಬಂದವರು, ವೋಟಿನ ದಿನ ಬಸ್ಸು ಹತ್ತಬಲ್ಲವರು ಊರಲ್ಲೇ ಉಳಿಸಿಕೊಳ್ಳುವುದು ಮೇಲು. ಪಿಎಚ್.ಡಿ. ಎಂದು ಐದಾರು ವರ್ಷ ಇರುವವರು ಬದಲಿಸಿಕೊಳ್ಳಲಿ. ವಿದ್ಯಾರ್ಥಿಗಳಿಗೆ ಅಂಚೆ ಮತ ಇಲ್ಲ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದ ಮೇಲೆ ಪಟ್ಟಿಯೂ ಬದಲಾಗುವುದಿಲ್ಲ. ಆಕ್ಷೇಪಣೆಗೆ ಏಳು ದಿನ ಬಿಡಬೇಕಾದ್ದರಿಂದ ಕೊನೇ ವಾರದ ಅರ್ಜಿ ನಂಬುವಂಥದ್ದಲ್ಲ.

ಪದವೀಧರರ ಕ್ಷೇತ್ರಕ್ಕೂ ಬೇರೆ ನೋಂದಣಿ ಬೇಕೆ? ನಾನೀಗ ಪಿಎಚ್.ಡಿ. ಎರಡನೇ ವರ್ಷ.
ಸಂಶೋಧನಾ ವಿದ್ಯಾರ್ಥಿನಿ, ಹಾವೇರಿ

ಬೇಕು. ವೋಟರ್ ಐಡಿ ಇದ್ದ ಮಾತ್ರಕ್ಕೆ ಅಲ್ಲಿ ಮತವಿಲ್ಲ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಪದವೀಧರರವು. ಹಾವೇರಿ ಬರುವುದು ಧಾರವಾಡ, ಗದಗ, ಉತ್ತರ ಕನ್ನಡದ ಜೊತೆ ಕರ್ನಾಟಕ ಪಶ್ಚಿಮ ಪದವೀಧರರ ಕ್ಷೇತ್ರಕ್ಕೆ. ಅಲ್ಲಿ 2020ರ ಅಕ್ಟೋಬರ್‌ನಲ್ಲಿ ಮತದಾನ ನಡೆದಿತ್ತು. ಸದಸ್ಯರ ಅವಧಿ 6 ವರ್ಷ.

ತುಂಬಬೇಕಾದ್ದು ಫಾರ್ಮ್ 18. ಅರ್ಹತೆಯ ದಿನಾಂಕ ನವೆಂಬರ್ 1. ಅಂದಿಗೆ ಪದವಿಯಾಗಿ ಮೂರು ವರ್ಷ ತುಂಬಿರಬೇಕು. ಈ ಮೂರು ವರ್ಷ ಎಣಿಸುವುದು ಘಟಿಕೋತ್ಸವದಿಂದಲ್ಲ, ವಿಶ್ವವಿದ್ಯಾಲಯ ಫಲಿತಾಂಶ ಪ್ರಕಟಿಸಿದ ದಿನದಿಂದ. ಆದ್ದರಿಂದ ಕೊನೆಯ ಸೆಮಿಸ್ಟರಿನ ಅಂಕಪಟ್ಟಿಯ ದಿನಾಂಕ ನೋಡಿಕೊಳ್ಳಿ. ಲೆಕ್ಕಕ್ಕೆ ಬರುವುದು ಬಿ.ಎ., ಬಿ.ಎಸ್‌ಸಿ.ಯಂಥ ಮೊದಲ ಪದವಿ. ಎಂ.ಎ. ಮುಗಿಸಿ ಪಿಎಚ್.ಡಿ. ಸೇರಿದ ನಿಮಗೆ ಬಹುತೇಕ ಮೂರು ವರ್ಷ ದಾಟಿಯೇ ಇರುತ್ತದೆ. ಪದವಿ ಪ್ರಮಾಣಪತ್ರ ಅಥವಾ ಅಂಕಪಟ್ಟಿಯ ದೃಢೀಕೃತ ಪ್ರತಿ, ವಿಳಾಸದ ದಾಖಲೆ, ಫೋಟೊ ಜೋಡಿಸಿ ಕೊಡಿ.

ಬಹಳ ಜನ ಸೋಲುವುದು ಒಂದು ತಪ್ಪು ತಿಳಿವಳಿಕೆಯಿಂದ: 'ಹಿಂದಿನ ಸಲ ಹೆಸರಿತ್ತಲ್ಲ'. ಈ ಪಟ್ಟಿಯನ್ನು ಪ್ರತಿ ಚುನಾವಣೆಗೆ ಹೊಸದಾಗಿಯೇ ಮಾಡುತ್ತಾರೆ. ಹಿಂದೆ ಮತ ಹಾಕಿದವರೂ ಮತ್ತೆ ಅರ್ಜಿ ಕೊಡಬೇಕು. ಮತಪತ್ರದಲ್ಲಿ ಟಿಕ್ ಹಾಕಿದರೆ ಅಸಿಂಧು. ಅಲ್ಲೇ ಕೊಡುವ ನೇರಳೆ ಸ್ಕೆಚ್ ಪೆನ್ನಿನಿಂದ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು. 1 ಬರೆಯದೆ 2 ಬರೆದರೂ ಮತ ಕೆಡುತ್ತದೆ. ಪದವೀಧರರದ್ದೇ ಚುನಾವಣೆ, ಆದರೂ ಕುಲಗೆಟ್ಟ ಮತಗಳಿಗೆ ಅಲ್ಲೇನೂ ಬರವಿಲ್ಲ.

ಎಸ್‌ಎಸ್‌ಪಿಯಲ್ಲಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಸ್ಕಾಲರ್‌ಶಿಪ್ ಮಂಜೂರಾಗಿದೆ ಎಂದು ತೋರಿಸುತ್ತದೆ. ಖಾತೆಗೆ ಮಾತ್ರ ಬಂದಿಲ್ಲ. ಬ್ಯಾಂಕಿಗೆ ಆಧಾರ್ ಕೊಟ್ಟು ಲಿಂಕ್ ಮಾಡಿಸಿದ್ದೇನೆ.
ಎಂ.ಎಸ್‌ಸಿ. ವಿದ್ಯಾರ್ಥಿ, ಕಲಬುರಗಿ

ಲಿಂಕ್ ಎನ್ನುವುದರಲ್ಲಿ ಎರಡು ಕೆಲಸ ಅಡಗಿವೆ. ಖಾತೆಯ ಕೆವೈಸಿಗೆ ಆಧಾರ್ ದಾಖಲಿಸುವುದು ಒಂದು. ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಪಟ್ಟಿಯಲ್ಲಿ ನಿಮ್ಮ ಆಧಾರ್ ಎದುರು ಆ ಬ್ಯಾಂಕಿನ ಹೆಸರು ಕೂರಿಸುವುದು, ಅಂದರೆ ಸೀಡಿಂಗ್, ಇನ್ನೊಂದು. ಸರ್ಕಾರದಿಂದ ಖಾತೆಗೆ ನೇರವಾಗಿ (ಡಿಬಿಟಿ) ಬರುವ ಸ್ಕಾಲರ್‌ಶಿಪ್ ಹಣ ಹೋಗುವುದು ಈ ಎರಡನೆಯದನ್ನು ನೋಡಿ. ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಯಾವುದೂ ಅಲ್ಲಿ ಲೆಕ್ಕಕ್ಕಿಲ್ಲ. ಆಧಾರ್ ಎದುರು ಒಂದು ಸಲಕ್ಕೆ ಒಂದೇ ಬ್ಯಾಂಕ್ ಇರುತ್ತದೆ, ಕೊನೆಗೆ ಕೂರಿಸಿದ್ದು ಹಿಂದಿನದನ್ನು ಎಬ್ಬಿಸುತ್ತದೆ. ಮೊಬೈಲ್‌ನಲ್ಲೋ ಅಂಚೆಯಲ್ಲೋ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದು ಮರೆತಿದ್ದರೆ ಹಣ ಅಲ್ಲಿ ಬಿದ್ದಿರಬಹುದು.

ಆಧಾರ್ ಪ್ರಾಧಿಕಾರದ ಪೋರ್ಟಲ್‌ಗೆ ಒಟಿಪಿ ಹಾಕಿ ಹೋದರೆ ಬ್ಯಾಂಕ್ ಸೀಡಿಂಗ್ ಸ್ಥಿತಿ ಕಾಣುತ್ತದೆ: ಬ್ಯಾಂಕಿನ ಹೆಸರು, ಸಕ್ರಿಯವೋ ಅಲ್ಲವೋ, ಯಾವ ದಿನಾಂಕದಿಂದ. ಖಾತೆ ಸಂಖ್ಯೆ ತೋರಿಸುವುದಿಲ್ಲ. ಬೇರೆ ಬ್ಯಾಂಕ್ ಬಂದರೆ ಮೊದಲು ಆ ಪಾಸ್‌ಬುಕ್ ಮುದ್ರಿಸಿ ನೋಡಿ. ಹಣ ಅಲ್ಲಿದ್ದರೆ ತೊಂದರೆಯೇ ಇಲ್ಲ. ಸಕ್ರಿಯವಿಲ್ಲ ಎಂದಿದ್ದರೆ ಶಾಖೆಗೆ ಹೋಗಿ 'ಲಿಂಕ್ ಮಾಡಿ' ಎನ್ನಬೇಡಿ, 'ಡಿಬಿಟಿಗೆ ಎನ್‌ಪಿಸಿಐ ಸೀಡಿಂಗ್ ಮಾಡಿ' ಎಂದು ಒಪ್ಪಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಕೆಲವು ದಿನ ಬಿಟ್ಟು ಮತ್ತೆ ಅದೇ ಪೋರ್ಟಲ್ ನೋಡಿ. ಕೌಂಟರಿನಲ್ಲಿ 'ಆಗಿದೆ' ಎಂದ ಮಾತನ್ನು ಪರದೆ ಒಪ್ಪುವವರೆಗೆ ನಂಬಬೇಡಿ.

ಸೀಡಿಂಗ್ ಸರಿಯಿದ್ದೂ ಬರದಿದ್ದರೆ ಖಾತೆಯೇ ಮಲಗಿರಬಹುದು. ಎರಡು ವರ್ಷ ನೀವೇ ಯಾವ ವ್ಯವಹಾರವನ್ನೂ ಮಾಡದ ಖಾತೆ ನಿಷ್ಕ್ರಿಯವಾಗುತ್ತದೆ. ಹೈಸ್ಕೂಲಿನಲ್ಲಿ ಅಪ್ಪನ ಜೊತೆ ತೆರೆದದ್ದನ್ನು 18 ತುಂಬಿದ ಮೇಲೆ ನಿಮ್ಮ ಸಹಿಗೆ ಬದಲಿಸಿರದಿದ್ದರೂ ತಡೆ. ಮುಂದಿನ ವರ್ಷದ ಅರ್ಜಿಗೂ ಈಗಲೇ ಎರಡು ನೋಡಿಕೊಳ್ಳಿ: ಆದಾಯ ಪ್ರಮಾಣಪತ್ರಕ್ಕೆ 5 ವರ್ಷದ ಆಯುಷ್ಯ, ಅದರ ಆರ್‌ಡಿ ಸಂಖ್ಯೆ ಹಳತಾಗಿದ್ದರೆ ಅರ್ಜಿ ಮುಂದೆ ಹೋಗದು. ಆಧಾರ್‌ನಲ್ಲಿ ಮತ್ತು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಬೇರೆಬೇರೆ ಇದ್ದರೆ ಆಧಾರ್ ಅನ್ನೇ ಅಂಕಪಟ್ಟಿಗೆ ತಕ್ಕಂತೆ ತಿದ್ದಿಸಿ. ಅಂಕಪಟ್ಟಿ ತಿದ್ದಿಸುವುದು ದೊಡ್ಡ ಪಾಡು.

ನಾಲ್ವರು ಗೆಳತಿಯರು ಮೈಸೂರಿನಲ್ಲಿ ಮನೆ ಮಾಡಿದ್ದೇವೆ. ಗೃಹಜ್ಯೋತಿ ಅರ್ಜಿ ಹಾಕಿದರೆ ಈ ಆರ್‌ಆರ್ ನಂಬರಿಗೆ ಈಗಾಗಲೇ ಬೇರೆ ಆಧಾರ್ ಜೋಡಣೆಯಾಗಿದೆ ಎನ್ನುತ್ತದೆ.
ಎಂ.ಕಾಂ. ವಿದ್ಯಾರ್ಥಿನಿ, ಮೈಸೂರು

ಹಿಂದಿದ್ದ ಬಾಡಿಗೆದಾರರು ತಮ್ಮ ಆಧಾರ್ ಬಿಡಿಸಿಕೊಳ್ಳದೆ ಹೋಗಿದ್ದಾರೆ. ಸೇವಾ ಸಿಂಧುವಿನಲ್ಲಿ ಡಿ-ಲಿಂಕ್ ಮಾಡುವ ಸೌಲಭ್ಯವಿದೆ, ಆದರೆ ಒಟಿಪಿ ಹೋಗುವುದು ಅವರ ಮೊಬೈಲಿಗೆ. ಮಾಲೀಕರಿಂದ ಅವರ ನಂಬರ್ ಪಡೆದು ಐದು ನಿಮಿಷ ಮಾತಾಡಿದರೆ ಮುಗಿಯುವ ಕೆಲಸ. ಹೊಸ ಮನೆಯಲ್ಲಿ ಅರ್ಜಿ ಹಾಕಲು ಅವರಿಗೂ ಅದು ಬೇಕೇ ಬೇಕು. ಅವರು ಸಿಗದಿದ್ದರೆ ಬಾಡಿಗೆ ಕರಾರಿನ ಪ್ರತಿಯೊಂದಿಗೆ ನಿಮ್ಮ ಭಾಗದ ವಿದ್ಯುತ್ ಕಂಪನಿ ಸೆಸ್ಕ್‌ನ ಉಪವಿಭಾಗದ ಕಚೇರಿಗೆ ಲಿಖಿತ ಅರ್ಜಿ ಕೊಡಿ.

ಲಿಂಕ್ ಆದ ಮೇಲೂ 200 ಯೂನಿಟ್ ಪೂರ್ತಿ ಉಚಿತ ಎಂದುಕೊಳ್ಳಬೇಡಿ. ಯೋಜನೆ ಶುರುವಾದಾಗ ಅರ್ಹ ಯೂನಿಟ್ ನಿಗದಿಯಾದದ್ದು ಆ ಮೀಟರಿನ 2022-23ರ ಸರಾಸರಿಗೆ ಶೇ 10 ಸೇರಿಸಿ. ಸರಾಸರಿ 60 ಇದ್ದರೆ ಅರ್ಹತೆ 66. ಅದರೊಳಗಿದ್ದರೆ ಸೊನ್ನೆ ಬಿಲ್. 66 ದಾಟಿ 200ರೊಳಗಿದ್ದರೆ ಹೆಚ್ಚುವರಿಗಷ್ಟೇ ಹಣ. 200 ದಾಟಿದ ತಿಂಗಳು ಇಡೀ ಬಿಲ್ ನಿಮ್ಮದೇ. 2,000 ವಾಟ್‌ನ ಇಂಡಕ್ಷನ್ ಒಲೆ ಪೂರ್ಣ ಉರಿಯಲ್ಲಿ ದಿನಕ್ಕೆ ಒಂದು ಗಂಟೆ ಓಡಿದರೆ ತಿಂಗಳಿಗೆ 60 ಯೂನಿಟ್. ಗೀಸರ್ ಇನ್ನೂ ಬಾಕಿ. ನಾಲ್ವರ ಅಡುಗೆ ಕರೆಂಟಿನಲ್ಲಾದರೆ ಅರ್ಹತೆ ಅಲ್ಲೇ ಕರಗುತ್ತದೆ. 5 ಕೆ.ಜಿ.ಯ ಸಣ್ಣ ಗ್ಯಾಸ್ ಸಿಲಿಂಡರ್ ವಿತರಕರಲ್ಲಿ ಗುರುತಿನ ಚೀಟಿಗೇ ಸಿಗುತ್ತದೆ, ಸ್ಥಳೀಯ ವಿಳಾಸದ ದಾಖಲೆ ಬೇಕಿಲ್ಲ. ದೊಡ್ಡ ಸಿಲಿಂಡರಿನಿಂದ ಬಗ್ಗಿಸಿ ತುಂಬಿಕೊಡುವ ಅಂಗಡಿಗಳ ಕಡೆ ತಲೆ ಹಾಕಬೇಡಿ. ಅದು ಅಕ್ರಮವೂ ಹೌದು, ಅಪಾಯವೂ ಹೌದು.

ಇನ್ನೊಂದು, ಮೀಟರ್ ಬಿಲ್ ಸೊನ್ನೆ ಬರುತ್ತಿದ್ದರೂ ತಲೆಗಿಷ್ಟು ಎಂದು ಕರೆಂಟ್ ದುಡ್ಡು ವಸೂಲಿ ಮಾಡುವ ಮಾಲೀಕರಿದ್ದಾರೆ. ಪ್ರತಿ ತಿಂಗಳ ಬಿಲ್ಲಿನ ಪ್ರತಿ ಕೇಳಿ ಪಡೆಯಿರಿ.

ರೂಮ್ ಖಾಲಿ ಮಾಡಿದಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ಹೀಗೆ ಮಾಡಬಹುದೇ?
ಸಂಶೋಧನಾರ್ಥಿ, ಬೆಂಗಳೂರು

ಕರಾರಿನಲ್ಲಿ ಬರೆದಿದ್ದರೆ ವಾದಿಸುವುದು ಕಷ್ಟ, ಬರೆದಿರದಿದ್ದರೆ ಕೇಳುವ ಹಕ್ಕಿದೆ. ವಸತಿಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎನ್ನುವ 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯನ್ನು ಹಲವರು ಉಲ್ಲೇಖಿಸುತ್ತಾರೆ. ಅದು ಮಾದರಿ ಮಾತ್ರ, ರಾಜ್ಯ ಕಾನೂನು ಮಾಡದೆ ಮಾಲೀಕರನ್ನು ಕಟ್ಟಿಹಾಕುವುದಿಲ್ಲ. ಕೈ ಹಿಡಿಯುವುದು ನಿಮ್ಮ ಕಾಗದಗಳೇ: ಅಡ್ವಾನ್ಸ್ ಬ್ಯಾಂಕ್ ಮೂಲಕವೇ ಕೊಟ್ಟಿರಬೇಕು, ಒಳಹೋದ ದಿನ ಗೋಡೆ, ನಲ್ಲಿ, ಸ್ವಿಚ್ ಬೋರ್ಡುಗಳ ಫೋಟೊ ತೆಗೆದು ಮಾಲೀಕರಿಗೆ ವಾಟ್ಸ್‌ಆ್ಯಪ್ ಮಾಡಿರಬೇಕು, ಬಿಡುವ ನೋಟಿಸನ್ನೂ ಬರೆದೇ ಕೊಟ್ಟಿರಬೇಕು. ಊಟ ಸಮೇತದ ಪಿ.ಜಿ.ಯಾದರೆ ಅದು ಸೇವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರಿಡಬಹುದು, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಎರಡು ವರ್ಷದೊಳಗೆ ಹೋಗಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ಬರಿ ಬಾಡಿಗೆ ಮನೆಯಾದರೆ ಲಾಯರ್ ನೋಟಿಸ್, ಆಮೇಲೆ ಸಿವಿಲ್ ಕೋರ್ಟ್. ಒಂದು ತಿಂಗಳ ಬಾಡಿಗೆಗೆ ಕೋರ್ಟು ಹತ್ತುವುದು ಲಾಭದ ಬಾಬತ್ತಲ್ಲ. ಆದರೆ ನೋಟಿಸಿಗೇ ಬಗ್ಗುವವರು ಉಂಟು.

ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಮೂರು ತಿಂಗಳಿಂದ ಬಂದಿಲ್ಲ. ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಕೂಡ ಸೇರಿಸುತ್ತಿಲ್ಲ. ಯುಜಿಸಿಗೆ ಬರೆಯಲೇ?
ಸಂಶೋಧನಾರ್ಥಿ, ಶಿವಮೊಗ್ಗ ಜಿಲ್ಲೆ

ಮೊದಲು ನಿಮ್ಮ ವಿಶ್ವವಿದ್ಯಾಲಯದ ಆಡಳಿತ ವಿಭಾಗಕ್ಕೆ ಹೋಗಿ. ಯುಜಿಸಿ ಫೆಲೋಶಿಪ್ ಸಾಗುವುದು ಕೆನರಾ ಬ್ಯಾಂಕ್ ನಡೆಸುವ ಪೋರ್ಟಲ್ ಮೂಲಕ. ನೀವು ಆ ತಿಂಗಳು ಸಂಶೋಧನೆಯಲ್ಲಿದ್ದೀರಿ ಎಂದು ಪ್ರತಿ ತಿಂಗಳೂ ವಿಶ್ವವಿದ್ಯಾಲಯದ 'ಮೇಕರ್' ದಾಖಲಿಸಬೇಕು, 'ಚೆಕರ್' ಅನುಮೋದಿಸಬೇಕು. ಇಬ್ಬರಲ್ಲಿ ಒಬ್ಬರು ರಜೆಯಲ್ಲಿದ್ದರೂ, ವರ್ಗವಾಗಿ ಹೊಸಬರಿಗೆ ಲಾಗಿನ್ ಸಿಗದಿದ್ದರೂ ಹಣ ನಿಲ್ಲುತ್ತದೆ. ಮಾರ್ಗದರ್ಶಕರ ಸಹಿಯ ಹಾಜರಾತಿ ಪತ್ರ ತಿಂಗಳ ಮೊದಲ ವಾರದಲ್ಲೇ ತಲುಪಿಸಿ, ಯಾವ ತಿಂಗಳು ಯಾರ ಬಳಿ ನಿಂತಿದೆ ಎಂದು ಕೇಳಿ. ತಡವಾದ ತಿಂಗಳುಗಳದ್ದು ಬಾಕಿಯಾಗಿ ಬರುತ್ತದೆ.

2023ರ ಜನವರಿ 1ರಿಂದ ಜೆಆರ್‌ಎಫ್ 37,000, ಎರಡು ವರ್ಷದ ನಂತರದ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) 42,000 ರೂಪಾಯಿ. ಎರಡು ವರ್ಷ ಮುಗಿದ ಕೂಡಲೇ ದರ ತಾನಾಗಿ ಏರುವುದಿಲ್ಲ, ಮೌಲ್ಯಮಾಪನ ಸಮಿತಿಯ ವರದಿ ಪೋರ್ಟಲ್ ಸೇರಬೇಕು. ಸಮಿತಿಯ ಸಭೆಗೆ ಒಂದೆರಡು ತಿಂಗಳು ಮೊದಲೇ ಮಾರ್ಗದರ್ಶಕರನ್ನು ಬೆನ್ನು ಹತ್ತಿ. ಎಚ್‌ಆರ್‌ಎ ವಿಚಾರದಲ್ಲಿ ಒಂದು ನಿಯಮ ಹಲವರಿಗೆ ಗೊತ್ತಿಲ್ಲ: ವಿಶ್ವವಿದ್ಯಾಲಯ ಹಾಸ್ಟೆಲ್ ಕೊಟ್ಟೂ ನೀವು ಬೇಡವೆಂದು ಹೊರಗಿದ್ದರೆ ಎಚ್‌ಆರ್‌ಎ ಕೇಳುವಂತಿಲ್ಲ. ಹಾಸ್ಟೆಲ್ ಸಿಗದೆ ಹೊರಗಿದ್ದರೆ 'ಸ್ಥಳವಿಲ್ಲ' ಎಂದು ವಾರ್ಡನ್ ಅವರಿಂದ ಬರೆಸಿಕೊಂಡು ಅರ್ಜಿಗೆ ಲಗತ್ತಿಸಿ.

ಡಿಗ್ರಿ ಮುಗಿದ ಮೇಲೆ ಯುವನಿಧಿ ಬರುತ್ತಿತ್ತು. ಈಗ ಎಂ.ಎ. ಸೇರಿದ್ದೇನೆ. ಮುಂದುವರಿಸಬಹುದೇ?
ವಿದ್ಯಾರ್ಥಿ, ತುಮಕೂರು

ಇಲ್ಲ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಗರಿಷ್ಠ 24 ತಿಂಗಳು ಕೊಡುವ ಈ ಯೋಜನೆ ಉದ್ಯೋಗವೂ ಇಲ್ಲದ, ಓದನ್ನೂ ಮುಂದುವರಿಸದವರಿಗೆ. ಓದುತ್ತಿಲ್ಲ ಎಂದು ನೀವೇ ಘೋಷಿಸಿಕೊಂಡಿರುತ್ತೀರಿ. ಪ್ರವೇಶ ಪಡೆದ ತಿಂಗಳಿಂದ ಘೋಷಣೆ ನಿಲ್ಲಿಸಿ, ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಪತ್ರ ಕೊಡಿ. ಅದೇ ವರ್ಷ ಎಸ್‌ಎಸ್‌ಪಿಗೂ ಅರ್ಜಿ ಹಾಕುತ್ತೀರಿ. ಎರಡು ಕಡೆಯೂ ಇರುವುದು ಒಂದೇ ಆಧಾರ್ ಸಂಖ್ಯೆ, ಹೊಂದಿಸಿ ನೋಡಿದರೆ ಸಿಕ್ಕಿಬೀಳುವುದು ಕಷ್ಟವಲ್ಲ. ಪ್ರವೇಶದ ನಂತರದ ಕಂತು ಬಂದಿದ್ದರೆ ಅದನ್ನು ಹಿಂದಿರುಗಿಸುವುದು ಹೇಗೆ ಎಂದು ಅದೇ ಪತ್ರದಲ್ಲಿ ಕೇಳಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.