ಮರಾಠಿಯ ‘ಜಾಲೀಮ’, ‘ಅತ್ಯಾಚಾರಿ’ಗೆ ಕನ್ನಡದಲ್ಲಿ ಏನನ್ನಬೇಕು?

ಜನರನ್ನು ಹಿಂಸಿಸುವವನು ‘ಜಾಲೀಮ’ನಾದರೆ, ಪುಣೆಯ ಔಷಧಿ ಅಂಗಡಿಯ ಫಲಕದಲ್ಲಿ ‘ಖೋಕಲ್ಯಾವರ (ಕೆಮ್ಮಿಗೆ) ಜಾಲೀಮ ಉಪಾಯ’ ಅಂತ ಯಾಕಿದೆ, ಕನ್ನಡದಲ್ಲಿ ಅದಕ್ಕೇನು ಮಾತು ಎಂದು ಕೇಳಿದ್ದೀರಿ.

ಮೂಲ ಅರಬ್ಬಿ. ‘ಜುಲ್ಮ್’ ಅಂದರೆ ಅನ್ಯಾಯ, ‘ಜಾಲಿಮ್’ ಅದನ್ನು ಮಾಡುವವನು, ‘ಮಜ್ಲೂಮ್’ ಅದಕ್ಕೆ ಸಿಕ್ಕವನು. ಇರಬೇಕಾದ ಜಾಗದಲ್ಲಿಡದೆ ಬೇರೆಡೆ ಇಡುವುದೇ ಜುಲ್ಮ್ ಎಂದು ಹಳೆಯ ಅರಬ್ಬಿ ನಿಘಂಟುಕಾರರು ವಿವರಿಸುತ್ತಾರೆ. ಒಬ್ಬರ ಹಕ್ಕು ಇನ್ನೊಬ್ಬರ ಕೈಸೇರುವುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಕಂಡಿಲ್ಲ. ಮರಾಠಿಯಲ್ಲಿ ಔಷಧಿಯ ಜೊತೆ ಬಂದಾಗ ಕ್ರೌರ್ಯ ಬಿಟ್ಟುಹೋಗಿ ತೀವ್ರತೆ ಮಾತ್ರ ಉಳಿದಿದೆ: ಜಾಲೀಮ ಉಪಾಯ ಎಂದರೆ ನಮ್ಮ ರಾಮಬಾಣ. ಮನುಷ್ಯನಿಗೆ, ಆಡಳಿತಕ್ಕೆ ಅಲ್ಲಿ ಹೆಚ್ಚಾಗಿ ‘ಜುಲಮೀ’ ಎನ್ನುತ್ತಾರೆ.

ಕನ್ನಡದ ‘ಜುಲುಮೆ’ಯೂ ಅದೇ ಬೇರಿನದು, ಆದರೆ ಮೆತ್ತಗಾಗಿದೆ. ‘ಜುಲುಮೆ ಮಾಡಿ ಉಣಿಸಿದರು’ ಎಂದರೆ ಬರೀ ಒತ್ತಾಯ. ‘ಜುಲ್ಮಾನೆ’ಯನ್ನು ಮಾತ್ರ ಇದರ ಜೊತೆ ಸೇರಿಸಬೇಡಿ. ಅದು ‘ಜುರ್ಮಾನಾ’ದಿಂದ ಬಂದ ದಂಡ; ‘ಜುರ್ಮ್’ ಎಂದರೆ ಅಪರಾಧ, ರಕಾರ ಲಕಾರವಾಗಿದೆ.

ನಿಜವಾದ ಅಪಾಯ ‘ಅತ್ಯಾಚಾರ’ದಲ್ಲಿದೆ. ಮರಾಠಿಯಲ್ಲಿ ಅದು ಎಲ್ಲ ಬಗೆಯ ಕ್ರೌರ್ಯಕ್ಕೂ ಸಲ್ಲುತ್ತದೆ. ಲೈಂಗಿಕ ಅಪರಾಧಕ್ಕೆ ಅಲ್ಲಿ ‘ಬಲಾತ್ಕಾರ’ ಎಂಬ ಬೇರೆ ಮಾತಿದೆ. ಇಂದಿನ ಕನ್ನಡದಲ್ಲಿ ಅತ್ಯಾಚಾರ ಎಂದರೆ ಆ ಅಪರಾಧವೇ. ಪರಿಶಿಷ್ಟರ ರಕ್ಷಣೆಯ 1989ರ ಕಾಯ್ದೆ ಮರಾಠಿಯಲ್ಲಿ ‘ಅತ್ಯಾಚಾರ ಪ್ರತಿಬಂಧ’, ಕನ್ನಡದಲ್ಲಿ ‘ದೌರ್ಜನ್ಯ ತಡೆ’. ಮುಂಬೈ, ಪುಣೆಯಲ್ಲಿ ದೂರನ್ನೋ ಸುದ್ದಿಯನ್ನೋ ಕನ್ನಡಕ್ಕೆ ತರುವವರು ಇಲ್ಲಿ ಎಡವಿದರೆ, ಹೊಡೆತ ತಿಂದವರ ಮೇಲೆ ನಡೆಯದ್ದೊಂದು ನಡೆದಂತಾಗುತ್ತದೆ. ದಯವಿಟ್ಟು ‘ದೌರ್ಜನ್ಯ ಎಸಗಿದವರು’ ಎಂದೇ ಬರೆಯಿರಿ.

ಉಳಿದ ಕಡೆ ಸಂದರ್ಭ ನೋಡಿ. ದುಡಿಸಿಕೊಂಡು ಕೂಲಿ ಕೊಡದವನು ‘ಶೋಷಕ’. ಸಂಸ್ಕೃತದ ‘ಶುಷ್’ ಎಂದರೆ ಒಣಗು, ಶೋಷಿಸುವುದೆಂದರೆ ಹೀರಿ ಒಣಗಿಸುವುದು. ದನಿ ಅಡಗಿಸುವ ಕಾನೂನು, ಸರ್ಕಾರ ‘ದಮನಕಾರಿ’. ಅಧಿಕಾರದ ಮದದಿಂದ ನಡೆಯುವುದು ‘ದಬ್ಬಾಳಿಕೆ’. ‘ಪೀಡಕ’ ಸರಿಯಾದ ಪದವೇ, ಆದರೆ ಅವಸರದಲ್ಲಿ ‘ಪೀಡಿತ’ ಎಂದು ಬರೆದುಬಿಟ್ಟರೆ ಹೊಡೆದವನು ಹೊಡೆಸಿಕೊಂಡವನಾಗುತ್ತಾನೆ.

ವಿಭಕ್ತಿಯೂ ಮುಖ್ಯ. ದಬ್ಬಾಳಿಕೆ ಕಾರ್ಮಿಕರ ‘ಮೇಲೆ’ ನಡೆಯುತ್ತದೆ, ಶೋಷಣೆ ಕಾರ್ಮಿಕರ‘ದ್ದು’. ‘ಕಾರ್ಮಿಕರ ಮೇಲೆ ಶೋಷಣೆ’ ಎಂದು ಬರೆಯುವ ರೂಢಿಯಿದೆ. ‘ಕಾರ್ಮಿಕರನ್ನು ಶೋಷಿಸಿದರು’ ಎಂದರೆ ಸಾಕು.