ಈ ಚಳಿಗಾಲದಲ್ಲಿ ಮೊದಲ ಸಲ ಮನೇಲಿ ಕೌದಿ ಹೊಲೀಬೇಕು ಅಂತಿದೀನಿ. ಹೊಸ ಕಾಟನ್ ಬಟ್ಟೆ ಎಷ್ಟು ಮೀಟರ್ ತಗೋಬೇಕು? ನಡುವೆ ಕಸೂತಿ ಹಾಕಬಹುದಾ?

ಹೊಸ ಬಟ್ಟಿ ಅಂತ ಓದಿದ ಕೂಡ್ಲೆ ಎದಿ ಧಸಕ್ ಅಂತು ನೋಡ್ರಿ. ಮೀಟರ್ ಲೆಕ್ಕ ಆಮ್ಯಾಲೆ, ಮೊದ್ಲ ನಂದು ಕೇಳ್ರಿ.

ನಮ್ಮವ್ವ ಹೋಗಿದ್ದು ಶ್ರಾವಣದಾಗ. ಆ ವರ್ಷ ಧಾರವಾಡದಾಗ ಚಳಿ ಜೋರಿತ್ತು, ಅಪ್ಪಗ ರಾತ್ರಿ ನಿದ್ದಿ ಹತ್ತತಿರಲಿಲ್ಲ, ಎರಡು ಬ್ಲಾಂಕೆಟ್ ಹೊಚ್ಚಿದ್ರೂ ಕಾಲು ತಣ್ಣಗ ಆಗ್ತಾವ ಅಂತಿದ್ದ. ಅವ್ವನ ಟ್ರಂಕಿನಾಗ ಐದು ಇಳಕಲ್ ಸೀರಿ ಇದ್ವು, ಉಟ್ಟು ಉಟ್ಟು ಒಗದು ಒಗದು ಬೆಣ್ಣಿಹಂಗ ಮೆತ್ತಗಾಗಿದ್ವು. ಅವನ್ನ ಕೌದಿ ಮಾಡಿ ಅಪ್ಪಗ ಕೊಡಬೇಕಂತ ಎಳ್ಳ ಅಮಾಸಿ ಮರುದಿನ ಕುಂತ್ನಿ. ಸೆರಗು ಕತ್ತರಿಸಿ ತಗದಿಟ್ನಿ, ಅಡಗಿಮನಿಯಿಂದ ಹಿಟ್ಟಿನ ಡಬ್ಬಿ ನಾಕು ತಂದು ಮೂಲಿಗಿಟ್ಟು ಪದರ ಹಾಸಿದ್ನಿ, ಏಳು ಫೂಟು ಉದ್ದ, ಐದು ಫೂಟು ಅಗಲ. ಅಲ್ಲೀತನಕ ಎಲ್ಲಾ ಸರಿ ಇತ್ತು.

ತಪ್ಪು ಆಗಿದ್ದು ತಳದ ಪದರಕ್ಕ. ಹಳೆ ಸೀರಿ ತಾಳಂಗಿಲ್ಲ, ಕೆಳಗ ಒಂದು ಗಟ್ಟಿ ಬಟ್ಟಿ ಇರ್ಲಿ ಅಂತ ಪ್ಯಾಟಿಗೆ ಹೋಗಿ ಹೊಸಾ ಕೋರಾ ಬಟ್ಟಿ, ಅಂದ್ರ ಮಗ್ಗದಿಂದ ಬಂದಂಗ ಇರೋ ಬಿಳುಪು ಮಾಡದ ಹತ್ತಿ ಬಟ್ಟಿ, ತಂದ್ನಿ, ತಂದಾಕಿ ನೀರಾಗ ಅದ್ದಲಿಲ್ಲ, ಹಂಗ ಹಾಸಿ ಅದರ ಮ್ಯಾಲೆ ಅವ್ವನ ಸೀರಿ ಹಾಕಿ ಹೊಲ್ಯಾಕ ಸುರು ಮಾಡಿದ್ನಿ. ಇಸ್ತ್ರಿ ಮಾಡಿದಂಗ ಚಂದ ಇತ್ತಲ್ಲ, ಒಗದ್ರ ಮುದುಡತೈತಿ ಅಂತ ಅನಿಸಿತ್ತು. ಇಷ್ಟ ನೋಡ್ರಿ ತಪ್ಪು, ಬರೇ ಒಂದು ಬಕೆಟ್ ನೀರಿನ ಮಾತು. ಮಗ್ಗದ ಮ್ಯಾಲೆ ನೂಲನ್ನ ಬಿಗಿಯಾಗಿ ಎಳದು ನೇಯ್ದಿರ್ತಾರ, ಮ್ಯಾಲೆ ಗಂಜಿ ಬ್ಯಾರೆ ಕುಂತಿರ್ತೈತಿ, ಅದು ಮೊದ್ಲ ಸಲ ನೀರಿಗೆ ಬಿದ್ದಾಗ ಗಂಜಿ ಬಿಟ್ಟು ನೂಲು ಉಬ್ಬಿ ಆ ಬಿಗಿ ಎಲ್ಲಾ ಸಡ್ಲಾಗಿ ಬಟ್ಟಿ ಕುಗ್ಗತೈತಿ, 100 ಇಂಚಿಗೆ ನಾಕೈದು ಇಂಚು ಆರಾಮ ಹೋಗತೈತಿ. ಅವ್ವನ ಸೀರಿ ಕುಗ್ಗೂದು ಯಾವತ್ತೋ ಮುಗದಿತ್ತು. ಅಂದ್ರ ಮ್ಯಾಲಿಂದು ಅಲ್ಲೇ ನಿಂತ್ತು, ಕೆಳಗಿಂದು ಎಳೀತು, ನಡುವ ನನ್ನ ಹೊಲಿಗಿ. ಶಿವರಾತ್ರಿಗೆ ಮುಗಿಸಿ ಮೊದ್ಲ ಸಲ ಒಗದು ಹಗ್ಗದ ಮ್ಯಾಲೆ ಹಾಕಿದ್ನಿ, ಸಂಜಿಗೆ ನೋಡಿದ್ರ ಕೌದಿ ಅಂಚು ಒಳಗ ಮಡಚಿ ಬುಟ್ಟಿಹಂಗ ಆಗಿತ್ತು. ಅದಾದ್ರೂ ನಡೀತಿತ್ತು. ಆದ್ರ ಕೋರಾ ಬಟ್ಟಿ ಗಟ್ಟಿ, ದಾರ ಗಟ್ಟಿ, ಹಂಗಾಗಿ ಜಗ್ಗಾಟದಾಗ ಹರದಿದ್ದು ಸೀರಿ. ಅವ್ವ ಸೋಮವಾರ ಸೋಮವಾರ ಉಡ್ತಿದ್ದ ಹಸರು ಸೀರಿ, ಹೊಲಿಗಿ ಸಾಲು ಹಿಡದು ಸಣ್ಣ ಸಣ್ಣ ತೂತು ಬಿದ್ದು ಒಂದು ಗೇಣು ಉದ್ದ ಸೀಳಿತ್ತು. ಆ ಜಾಗಾ ಕೈಯಾಗ ಹಿಡಕೊಂಡು ಹಿತ್ತಲದಾಗ ಕುಂತು ಅತ್ತೀನಿ.

ನಮ್ಮ ಓಣ್ಯಾಗ ಕೌದಿ ಹೊಲಿಯೋ ಒಬ್ಬ ಅಜ್ಜಿ ಇದ್ಲು. ನೋಡಿ ಬೈಲಿಲ್ಲ, ಬ್ಲೇಡ್ ತಾ ಅಂದ್ಲು. ಇಬ್ಬರೂ ಕೂಡಿ ಮೂರು ವಾರ ಹೊಲಿಗಿ ಬಿಚ್ಚಿ ಕೋರಾ ತಗದು ಅಪ್ಪನ ಹಳೆ ಧೋತರ ಹಾಕಿದ್ವಿ, ಸೀಳಿದ ಕಡೆ ಅದ ಸೀರಿ ಇನ್ನೊಂದು ತುಂಡು ತ್ಯಾಪಿ ಹಚ್ಚಿದ್ವಿ. ಅಪ್ಪ ಈಗ್ಲೂ ಅದನ್ನ ಹೊಚ್ಚತಾನ.

ಅದಕ್ಕ ನಿಮಗ ಹೇಳೂದು, ಹೊಸ ಬಟ್ಟಿ ಸೊನ್ನೆ ಮೀಟರ್. ಹೊಸ ಬಟ್ಟೀಲೆ ಹೊಲದ್ರ ಅದು ಕೌದಿನ ಅಲ್ಲ ಅನ್ನಾಕಿ ನಾನು. ಹಳೆ ಹತ್ತಿ ಸೀರಿ, ಧೋತರ, ಪಂಚೆ ಹುಡುಕ್ರಿ, ಇರಲಿಲ್ಲಂದ್ರ ಅತ್ತಿ ಮನಿ ಚಿಗವ್ವನ ಮನಿ ಕೇಳ್ರಿ. ತರಲೇಬೇಕಂದ್ರ ರಾತ್ರಿಯಿಡೀ ನೆನಸಿ, ಎರಡು ಸಲ ಬಿಸಿನೀರಾಗ ಒಗದು ಬಿಸಲಿಗೆ ಒಣಗಿಸಿ ಆಮ್ಯಾಲೆ ಕತ್ತರಿ ಹಚ್ಚರಿ. ಮಷಿನ್ ಬ್ಯಾಡ, ಐದು ಪದರ ಹಾಕಿದ್ರ ಮ್ಯಾಲಿಂದು ಕೆಳಗಿಂದು ಒಂದ ಸಮ ಸರಿಯಂಗಿಲ್ಲ, ನೆರಿಗಿ ಬೀಳತಾವ. ಮೊದ್ಲ ದೊಡ್ಡ ದೊಡ್ಡ ಕಚ್ಚಾ ಹೊಲಿಗಿ ಹಾಕಿ ಪದರ ಕೂಡಿಸ್ಕೋರಿ. ಹಳಿಯಾಳ ಯಲ್ಲಾಪುರ ಕಡೆ ಸಿದ್ದಿ ಜನಾಂಗದ ಹೆಣ್ಮಕ್ಕಳು ಅಂಚಿನಿಂದ ಸುತ್ತ ಸುತ್ತ ಹೊಲಕೋತ ನಡುವಕ್ಕ ಬಂದು ಮುಗಸ್ತಾರ, ಮೂಲಿಗೆ ಬಟ್ಟಿ ಮಡಚಿ ತ್ರಿಕೋನ ಮಾಡಿ ಹಚ್ಚತಾರ, ಅದಕ್ಕ ಫೂಲ ಅಂತಾರ. ಆ ಫೂಲ ಇಲ್ಲದ್ದು ಮುಗದಂಗಲ್ಲ ಅವರಿಗೆ. ನಾನೂ ಈಗ ಹಂಗ ಅಂಚಿನಿಂದನ ಹೊಲಿಯಾಕಿ.

ಕಸೂತಿ ನಡುವ ಹಾಕೂದು ಬ್ಯಾಡ ಅಂತೀನಿ. ಕಸೂತಿ ಅಂದ್ರ ಬಟ್ಟಿ ಎಳಿ ಎಣಿಸಿ ಹಾಕೂದು, ಗವಂತಿ ಹೊಲಿಗಿ ಹೋಗೂವಾಗ ಒಂದು ಬಿಟ್ಟು ಒಂದು, ಬರೂವಾಗ ಬಿಟ್ಟ ಜಾಗಾ ತುಂಬ್ಕೋತ ಬರಬೇಕು, ಗಂಟು ಇಲ್ಲ, ಹಿಂದ ಮುಂದ ಒಂದ ನಮೂನಿ ಕಾಣಬೇಕು. ಅಷ್ಟು ಕಷ್ಟಪಟ್ಟು ಹಿಂದಿನ ಚಂದಾನ ಧೋತರದ ಒಳಗ ಮುಚ್ಚಿಡಾಕ ಮನಸ್ಸು ಹೆಂಗ ಬರತೈತ್ರಿ? ಐದು ಪದರದ ಮ್ಯಾಲೆ ಎಳಿ ಎಣಿಸಾಕೂ ಆಗಂಗಿಲ್ಲ. ಕಸೂತಿ ಬ್ಯಾರೆ ಒಂದು ಬಟ್ಟಿ ಮ್ಯಾಲೆ ಹಾಕ್ರಿ, ಮಧ್ಯಾಹ್ನದ ಬಿಸಲಾಗ ಕಟ್ಟಿ ಮ್ಯಾಲೆ ಕುಂತು. ಕಪ್ಪು ಬಟ್ಟಿ ಇದ್ರಂತೂ ಟ್ಯೂಬ್‌ಲೈಟಿನ ಬೆಳಕಿಗೆ ಎಳಿ ಕಾಣಂಗಿಲ್ಲ, ಕಣ್ಣು ಹೋಗತಾವ. ಕೌದಿ ರಾತ್ರಿಗೆ ಇಟ್ಕೋರಿ, ಅದಕ್ಕ ಕೈ ಅಂದಾಜು ಸಾಕು, ಹೊಲಕೋತ ಕಾಲು ಅದರೊಳಗ ತೂರಿಸಿದ್ರ ಬೆಚ್ಚಗೂ ಇರತೈತಿ.

ಮನ್ಯಾಗ ಹಳೆ ಸೀರಿ ಎಷ್ಟು ಅದಾವ, ಯಾವ ನಮೂನಿವು ಅಂತ ಬರೀರಿ, ಯಾವುದು ಮ್ಯಾಲೆ ಯಾವುದು ಒಳಗ ಅಂತ ಹೇಳ್ತೀನಿ.